ಒಬ್ಬಳಿಗೇ ಒಬ್ಬ ಟೀಚರ್

ನಮ್ಮ ಮನೆಗೂ ವರ್ಲೀ ಮನೆಗೂ ನಡುವೆ ಇರುವುದು ಒಂದೇ ಗೋಡೆ, ಅದೂ ಹಲಗೆಯದು. ನ್ಯೂ ಆರ್ಲಿಯನ್ಸಿನ ನಮ್ಮ ವಾರ್ಡಿನಲ್ಲಿ ಮನೆಗಳೆಲ್ಲ ಹೀಗೇ, ಒಂದಕ್ಕೊಂದು ಅಂಟಿಕೊಂಡು ಹುಟ್ಟಿದ ಜೋಡಿಗಳು. ಆಚೆ ಬೀನ್ಸು ಸೀದರೆ ಈಚೆ ನನಗೆ ಕೆಮ್ಮು. ಹಾಗಾಗಿ ‘ಜರ್ಲೀನ್ ಕದ್ದು ಕೇಳ್ತಾಳೆ’ ಎಂದು ಯಾರಾದರೂ ಅಂದರೆ ನನ್ನ ಮೈ ಉರಿಯುತ್ತದೆ. ಕದಿಯುವುದೇನು ಬಂತು? ಅವರು ಕಿರುಚಿ ಕೊಡುತ್ತಾರೆ, ನಾನು ತೆಗೆದುಕೊಳ್ಳುತ್ತೇನೆ.

ಆ ಮನೆಯಲ್ಲಿ ಇರುವವರು ನಾಲ್ಕು ಜನ. ವರ್ಲೀ ನನ್ನ ವಾರಗೆಯವಳು, ಗಂಡ ಹೋಗಿ ವರ್ಷಗಳಾದವು. ಮಗಳು ರೋಷೆಲ್ ಪೇಟೆಯ ದೊಡ್ಡ ಹೋಟೆಲಿನ ಅಡುಗೆಮನೆಯಲ್ಲಿ ಸಂಜೆ ಪಾಳಿ ಮಾಡುತ್ತಾಳೆ. ಮಗ ಅಲ್ಫಾನ್ಸ್ ಬ್ಯಾಂಡಿನಲ್ಲಿ ಟ್ರಾಂಬೋನ್ ಊದುತ್ತಾನೆ. ಊದದೆ ಇರುವಾಗ ನಿದ್ದೆ ಮಾಡುತ್ತಾನೆ. ಇನ್ನು ರೋಷೆಲಳ ಮಗಳು ಜಾಯೆಲ್, ಎಂಟು ವರ್ಷದವಳು, ಮೂರನೆಯ ತರಗತಿ. ಅವಳಿದ್ದಾಳೆ ಎಂದು ಗೊತ್ತೇ ಆಗುವುದಿಲ್ಲ, ಅಷ್ಟು ಮೆತ್ತಗಿನ ಹುಡುಗಿ.

ಮಾರ್ಡಿ ಗ್ರಾ ಹಬ್ಬ ಮುಗಿದು ಮೆರವಣಿಗೆಯಲ್ಲಿ ಎಸೆದ ಮಣಿಸರ ಮರಗಳಲ್ಲಿ ಇನ್ನೂ ಜೋತಾಡುತ್ತಿತ್ತು. ಸೋಮವಾರ, ರೋಷೆಲಳ ರಜಾ ದಿನ. ಊರಿಗೆ ಊರೇ ಸೋಮವಾರ ಮಾಡುವ ಕೆಂಪು ಬೀನ್ಸು-ಅನ್ನವೇ ಅಲ್ಲೂ.

“ಶಾಲೆಯಿಂದ ಫೋನ್ ಬಂದಿತ್ತಮ್ಮ,” ಎಂದಳು ರೋಷೆಲ್.

“ಈ ಸಲ ಏನಂತೆ? ಸಾಲಲ್ಲಿ ನಡೀವಾಗ ಮಗು ಸೀನಿಬಿಡ್ತಾ?” ವರ್ಲೀಗೆ ಆ ಶಾಲೆ ಎಂದರೆ ಆಗದು. ಅವಳು ನಮ್ಮ ಬೀದಿ ಮೂಲೆಯ ಹಳೆಯ ಶಾಲೆಯಲ್ಲಿ ಮಕ್ಕಳಿಗೆ ಅಡುಗೆ ಮಾಡಿ ಬಡಿಸಿದವಳು. ಅದು ಮುಚ್ಚಿತು, ಊರ ತುಂಬ ಸರಕಾರದ ದುಡ್ಡಲ್ಲಿ ಖಾಸಗಿಯವರು ನಡೆಸುವ ಚಾರ್ಟರ್ ಶಾಲೆಗಳು ಬಂದವು. ರೋಷೆಲ್ ಚೀಟಿ ಎತ್ತುವುದರಲ್ಲಿ ಹೆಸರು ಹಾಕಿ, ಊರಿನ ಆ ತುದಿಯ ಸೈಪ್ರಸ್ ಗೇಟ್ ಎಂಬ ಶಾಲೆಯಲ್ಲಿ ಮಗಳಿಗೆ ಸೀಟು ಗಿಟ್ಟಿಸಿದ್ದಳು. ‘ಪ್ರತಿ ಮಗುವಿಗೂ ಪ್ರತ್ಯೇಕ ಗಮನ’ ಎಂದು ಅವರ ಬಸ್ಸಿನ ಮೇಲೇ ಬರೆದಿತ್ತು. ಅದನ್ನು ಓದಿಯೇ ಅವಳು ಮರುಳಾಗಿದ್ದು.

“ಹಾಗೇನಿಲ್ಲ. ಜಾಯೆಲ್‌ಗೆ ಅಂತಾನೇ ಒಬ್ಬ ಟೀಚರ್ ಕೊಟ್ಟಿದಾರೆ. ದಿನಾ ಅವಳೊಬ್ಬಳನ್ನೇ ಬೇರೆ ರೂಮಲ್ಲಿ ಕೂರಿಸ್ಕೊಂಡು ಓದಿಸ್ತಾರಂತೆ.”

“ಅವಳೊಬ್ಬಳನ್ನೇ? ಯಾಕೆ?”

ಚಮಚದ ಸದ್ದು ನಿಂತಿತು. “ಜಾಣೆ ಅಂತ,” ಎಂದಳು ರೋಷೆಲ್.

“ಅಯ್ಯೋ ನನ್ನ ಬಂಗಾರ!” ವರ್ಲೀ ಕುರ್ಚಿ ತಳ್ಳಿ ಎದ್ದ ಸದ್ದು ಕೇಳಿತು. “ಬಾ ಇಲ್ಲಿ, ಇನ್ನೆರಡು ಸಾಸೇಜ್ ಹಾಕ್ಸ್ಕೋ. ಅಲ್ಫಾನ್ಸ್, ಏಳೋ! ನಿನ್ನ ಅಕ್ಕನ ಮಗಳಿಗೆ ಅವಳದೇ ಟೀಚರ್ರಂತೆ!”



ಮಾರನೆಯ ದಿನ ರೋಷೆಲ್ ಮೆಟ್ಟಿಲ ಮೇಲೆ ಕೂತು ಕೆಲಸದ ಬೂಟಿನ ಲಾಡಿ ಕಟ್ಟುತ್ತಿದ್ದಳು. ನಾನು ಸುಮ್ಮನೆ ನೋಡಿದೆ, ಅಷ್ಟೇ. ಅವಳೇ ಬಾಯಿಬಿಟ್ಟಳು.

“ಮಿಸ್ ಜರ್ಲೀನ್, ಅದು ಜಾಣರಿಗೆ ಅಲ್ಲ. ಹಿಂದೆ ಬಿದ್ದವರಿಗೆ. ಓದಿನ ಪರೀಕ್ಷೇಲಿ ಇವಳದು ತೀರಾ ಕೆಳಗಿದೆಯಂತೆ. ವರ್ಷದ ಕೊನೇ ಪರೀಕ್ಷೆ ಪಾಸಾಗ್ದಿದ್ರೆ ಮತ್ತೆ ಮೂರನೇ ಕ್ಲಾಸಲ್ಲೇ ಕೂರಿಸ್ತಾರೆ.”

“ಮತ್ತೆ ಅಮ್ಮಂಗೆ ಯಾಕೇ ಹಾಗಂದೆ?”

“ಇನ್ನೇನ್ ಮಾಡ್ಲಿ? ‘ನಾನ್ ಹೇಳ್ಲಿಲ್ವಾ ಆ ಶಾಲೆ ಸರಿಯಿಲ್ಲ ಅಂತ’ ಅಂತ ಬದುಕಿರೋವರೆಗೂ ಕೊರೀತಾರೆ. ನೀವು ಹೇಳ್ಬೇಡಿ, ಪ್ಲೀಸ್.”

ನಾನು ಬಾಯಿಗೆ ಬೀಗ ಹಾಕಿಕೊಂಡೆ. ನನಗೆ ಅದೆಷ್ಟು ಕಷ್ಟದ ಕೆಲಸ ಎಂದು ಬೀದಿಗೆಲ್ಲ ಗೊತ್ತು.

ಆದರೆ ವರ್ಲೀಗೆ ಯಾವ ಬೀಗವೂ ಇರಲಿಲ್ಲವಲ್ಲ. ಕ್ಷೌರದಂಗಡಿಗೆ ಹೇಳಿದಳು, ಮೀನಿನಂಗಡಿಗೆ ಹೇಳಿದಳು, ಕೊನೆಗೆ ಚರ್ಚಿನ ಪಾದ್ರಿಗೂ ಹೇಳಿದಳು. ನಮ್ಮ ಚರ್ಚಿನಲ್ಲಿ ಮಕ್ಕಳ ಭಾನುವಾರ ಎಂದೊಂದು ಪದ್ಧತಿ. ಓದಿನಲ್ಲಿ, ಬ್ಯಾಂಡಿನಲ್ಲಿ, ಓಟದಲ್ಲಿ ಹೆಸರು ಮಾಡಿದ ಮಕ್ಕಳನ್ನು ಎಲ್ಲರೆದುರು ಎದ್ದು ನಿಲ್ಲಿಸುತ್ತಾರೆ. ಆ ಭಾನುವಾರ ಪಾದ್ರಿ ಮೈಕ್ ಹಿಡಿದು, “ನಮ್ಮ ಜಾಯೆಲ್ ಎಲ್ಲಿ? ಶಾಲೆಯವರು ಈ ಮಗುಗೋಸ್ಕರ ಅಂತಾನೇ ಒಬ್ಬ ಟೀಚರ್ ಇಟ್ಟಿದಾರಂತೆ! ಎದ್ದು ನಿಲ್ಲಮ್ಮ, ಎಲ್ರೂ ನೋಡ್ಲಿ!” ಎಂದರು.

ಇಡೀ ಚರ್ಚು ಎದ್ದು ಚಪ್ಪಾಳೆ ತಟ್ಟಿತು. ಆರ್ಗನ್ನಿನವನು ಸುಮ್ಮನಿರಲಾರದೆ ಒಂದು ತುಣುಕು ಬಾರಿಸಿದ. ಹಳದಿ ಫ್ರಾಕಿನ ಜಾಯೆಲ್ ತನ್ನ ಚಪ್ಪಲಿ ನೋಡುತ್ತ ನಿಂತಿದ್ದಳು. ರೋಷೆಲ್ ಬೀಸಣಿಗೆಯಿಂದ ಮುಖ ಮುಚ್ಚಿಕೊಂಡಳು. ನಗು ತಡೆದುಕೊಂಡು ನಾನೂ ತಟ್ಟಿದೆ. ಫೇಲಾಗುತ್ತಿರುವ ಮಗುವಿಗೆ ಹೀಗೆ ಚಪ್ಪಾಳೆ ಹೊಡೆದದ್ದು ಇಡೀ ಲೋಕದಲ್ಲಿ ನಾವೇ ಇರಬೇಕು.

ಅಲ್ಲಿಂದ ಮುಂದೆ ರೋಷೆಲ್ ಒಂದು ಕಡೆ ನಿಂತವಳಲ್ಲ. ಬೆಳಿಗ್ಗೆ ಕತ್ತಲಿರುವಾಗಲೇ ಶಾಲೆಯ ಬಸ್ಸು ಬರುತ್ತದೆ; ಅದು ಬರುವ ತನಕ ಮಗಳ ತಲೆ ಬಾಚುತ್ತ ಓದಿಸುತ್ತಿದ್ದಳು. “ಈ ಸಾಲು ಓದು. ಹೂಂ. ತಲೆ ಅಲ್ಲಾಡಿಸ್ಬೇಡ. ಶೂ ಎಲ್ಲಿ? ಓದೇ, ಯಾಕ್ ನಿಲ್ಲಿಸ್ದೆ? ಜಡೆ ಬಿಗಿ ಆಯ್ತಾ? ಆಗ್ಲಿ ಬಿಡು. ಓದು!” ಜಾಯೆಲ್ ತಡವರಿಸುತ್ತಿದ್ದಳು. ರೋಷೆಲ್ ಗೊಣಗುತ್ತಿದ್ದಳು. ಬಸ್ಸು ಹಾರ್ನ್ ಹೊಡೆದರೆ ಇಬ್ಬರೂ ಓಡುತ್ತಿದ್ದರು.

“ಜಾಣೇನ ಯಾಕೆ ಹಿಂಗೆ ಗೋಳಾಡಿಸ್ತೀಯೇ?” ಎಂದು ವರ್ಲೀ ಒಳಗಿನಿಂದ ಕೂಗುತ್ತಿದ್ದಳು.

“ಅಮ್ಮ, ನೀವ್ ಸುಮ್ನಿರಿ!”

“ನನ್ನ ಮನೇಲಿ ನನ್ನನ್ನೇ ಸುಮ್ನಿರಿಸ್ತಾಳೆ. ಕೇಳಿಸ್ತಾ ಜರ್ಲೀನ್?”

“ನಂಗೇನೂ ಕೇಳಿಸ್ಲಿಲ್ಲ,” ಎಂದು ನಾನು ಗೋಡೆಗೆ ಹೇಳುತ್ತಿದ್ದೆ.

ಏಪ್ರಿಲ್ ಬಂತು, ಸೆಕೆ ಶುರುವಾಯಿತು. ಒಂದು ಸೋಮವಾರ ಮಧ್ಯಾಹ್ನ ರೋಷೆಲ್ ಸ್ನಾನಕ್ಕೆ ಹೋಗಿದ್ದಾಗ ಅವಳ ಫೋನು ಬಡಿದುಕೊಂಡಿತು. ವರ್ಲೀ ಎತ್ತಿದಳು. ಆಮೇಲೆ ಅವಳ ದನಿ ಎಷ್ಟು ಏರಿತು ಎಂದರೆ ನಾನು ಗೋಡೆಯ ಹತ್ತಿರ ಹೋಗುವ ಅಗತ್ಯವೇ ಬೀಳಲಿಲ್ಲ. ನಡುವಿನ ಜಗಲಿಗೇ ಹೋಗಿ ನಿಂತೆ.

“ರೋಷೆಲ್! ಹೊರಗ್ ಬಾ! ಮಗು ಅಭ್ಯಾಸದ ಪರೀಕ್ಷೇಲಿ ಮತ್ತೆ ಫೇಲಂತೆ! ಇದೇ ವರ್ಷ ಮತ್ತೆ ಓದ್ಬೇಕಂತೆ! ಟೀಚರ್ ಕೊಟ್ಟಿರೋದು ದಡ್ಡಿ ಅಂತಂತೆ!”

“ದಡ್ಡಿ ಅಂತ ಅವ್ರು ಅಂದಿರಲ್ಲಮ್ಮ!” ರೋಷೆಲ್ ತಲೆಗೆ ಟವಲ್ ಸುತ್ತಿಕೊಂಡೇ ಬಂದಳು.

“ನೀನು ನಂಗೆ ಸುಳ್ಳು ಹೇಳ್ದೆ! ಚರ್ಚಲ್ಲಿ ಮಗೂನ ನಿಲ್ಲಿಸಿ ಚಪ್ಪಾಳೆ ತಟ್ಟಿಸ್ದೆ!”

“ತಟ್ಟಿಸಿದ್ದು ನಾನಾ? ಊರೆಲ್ಲ ಸಾರ್ಕೊಂಡು ಬಂದಿದ್ದು ಯಾರು?”

“ಆ ಶಾಲೇನೇ ಸರಿಯಿಲ್ಲ. ಮಕ್ಕಳ ಬಾಯಿ ಮುಚ್ಚಿಸಿ ಗೋಡೆ ಪಕ್ಕ ನಡೆಸ್ತಾರೆ. ನಮ್ಮ ಹಳೇ ಶಾಲೇಲಿ—”

“ಬಂತು ನೋಡಿ ಹಳೇ ಶಾಲೆ!”

ಅಲ್ಫಾನ್ಸ್ ಕಣ್ಣುಜ್ಜುತ್ತ ಎದ್ದು ಬಂದ. “ಮಲಗಿರೋರ್ ಇದಾರೆ ಈ ಮನೇಲಿ.”

“ನಿನ್ನ ನಿದ್ದೆಗಿಷ್ಟು ಬೆಂಕಿ ಹಾಕ,” ಎಂದಳು ವರ್ಲೀ. ಆಮೇಲೆ ತಟ್ಟನೆ ನಿಲ್ಲಿಸಿದಳು. “ಇರು. ಇದು ಹೆಂಗೆ ಸಾಧ್ಯ? ಈ ಮಗು ನಂಗೆ ದಿನಾ ಪೇಪರ್ ಓದಿ ಹೇಳತ್ತೆ.”

“ಯಾವ ಪೇಪರ್?”

“ಸತ್ತವರ ಪುಟ. ನಂಗೆ ಸಣ್ಣ ಅಕ್ಷರ ಕಾಣಲ್ವಲ್ಲ. ಶಾಲೆ ಬಿಟ್ಟು ಬಂದ ಮೇಲೆ ನೀನು ಕೆಲಸಕ್ಕೆ ಹೋಗಿರ್ತೀಯ. ನಾನು ಬಟ್ಟೆ ಮಡಚ್ತಾ ಕೂತಿರ್ತೀನಿ, ಇವಳು ಓದ್ತಾಳೆ. ಅಡ್ಡಹೆಸರು, ಮಕ್ಕಳು, ಮೊಮ್ಮಕ್ಕಳು, ಮೆರವಣಿಗೆ ಎಲ್ಲಿಂದ ಎಲ್ಲಿಗೆ, ಒಂದೂ ಬಿಡಲ್ಲ. ಒಂದ್ ಸಲಾನೂ ತಡವರಿಸಿಲ್ಲ.”

ಶಾಲೆಯ ಬಸ್ಸು ಬರುವ ತನಕ ರೋಷೆಲ್ ಆ ಪೇಪರು ಹಿಡಿದು ಜಗಲಿಯಲ್ಲೇ ಕಾದಳು. ಜಾಯೆಲ್ ಚೀಲ ಇಳಿಸುವ ಮೊದಲೇ ರೋಷೆಲ್ ಅವಳ ಕೈಗೆ ಪೇಪರು ಕೊಟ್ಟಳು. ಹುಡುಗಿ ಅಮ್ಮನ ಮುಖ ನೋಡಿದಳು, ಅಜ್ಜಿಯ ಮುಖ ನೋಡಿದಳು. ಆಮೇಲೆ ಯಾರೋ ಮುದುಕ ಬಡಗಿ ತೀರಿಕೊಂಡ ಸುದ್ದಿಯನ್ನು ನೀರು ಕುಡಿದ ಹಾಗೆ ಓದಿದಳು. ಪಾದ್ರಿಯೂ ಅಷ್ಟು ಚೆನ್ನಾಗಿ ಓದುವುದಿಲ್ಲ.

“ಹಂಗಾದ್ರೆ ಪರೀಕ್ಷೇಲಿ ಯಾಕೇ ತಪ್ಪು ಮಾಡ್ತೀಯ?” ಎಂದಳು ರೋಷೆಲ್. “ನಿನ್ನ ಜಡೆ ಹೆಣೀವಾಗ ಯಾಕ್ ತಡವರಿಸ್ತೀಯ? ನನ್ನ ಆಟ ಆಡಿಸ್ತಿದೀಯಾ?”

“ಸರಿ ಮಾಡಿದ್ರೆ ವಾಪಸ್ ಕ್ಲಾಸಿಗೆ ಕಳಿಸ್ತಾರೆ.”

“ಕಳಿಸ್ಲಿ! ಕ್ಲಾಸಲ್ಲಿ ಏನಾಗತ್ತೆ?”

“ಏನೂ ಆಗಲ್ಲ. ಕೈ ಕಟ್ಕೊಂಡು ಕೂರ್ಬೇಕು. ಸರಿಯಾಗಿ ಕೂತವ್ರನ್ನ ಯಾರೂ ಕರೆಯಲ್ಲ.” ಜಾಯೆಲ್ ಪೇಪರು ಮಡಚಿದಳು. “ಕೆಸ್ಲರ್ ಮಿಸ್ ರೂಮಲ್ಲಿ ನಾನೊಬ್ಬಳೇ. ಅವ್ರು ಬೆಳಿಗ್ಗೆ ಏನ್ ತಿಂದೆ ಅಂತ ಕೇಳ್ತಾರೆ. ಆಮೇಲೆ ನಾನು ಹೇಳೋವರೆಗೂ ಕಾಯ್ತಾರೆ.”

ಅಲ್ಫಾನ್ಸ್ ನಗಲು ಹೋಗಿ ನಿಲ್ಲಿಸಿದ. ರೋಷೆಲ್ ಗೋಡೆಗೆ ಒರಗಿದಳು. ವರ್ಲೀ ಮಾತ್ರ, ಜನ್ಮದಲ್ಲಿ ಮೊದಲ ಸಲ ಇರಬೇಕು, ತಗ್ಗಿದ ದನಿಯಲ್ಲಿ ಮಾತಾಡಿದಳು. “ನಾನು ದಿನಾ ಸತ್ತವರ ಸುದ್ದಿ ಓದಿಸ್ಕೊಂಡೆ. ಇವಳ ಸುದ್ದಿ ಒಂದ್ ದಿನಾನೂ ಕೇಳ್ಲಿಲ್ಲ.” ನನಗೆ ಅಲ್ಲಿ ನಿಲ್ಲಲಾಗಲಿಲ್ಲ. ಒಳಗೆ ಹೋಗಿ ನಲ್ಲಿ ತಿರುಗಿಸಿ, ತೊಳೆದಿಟ್ಟ ಪಾತ್ರೆಯನ್ನೇ ಮತ್ತೆ ತೊಳೆದೆ.

ಆ ವಾರವೆಲ್ಲ ಮೂವರೂ ಬದಲಾಗಲು ನೋಡಿದರು, ಪಾಪ. ಅಲ್ಫಾನ್ಸ್ ಅಕ್ಕನ ಮಗಳನ್ನು ಬ್ಯಾಂಡಿನ ತಾಲೀಮಿಗೆ ಕರೆದುಕೊಂಡು ಹೋದ. ಅಲ್ಲಿ ಯಾರೋ ಕರೆದರೆಂದು ಅವಳನ್ನು ಡ್ರಮ್ಮಿನ ಪಕ್ಕ ಮರೆತ. ವರ್ಲೀ “ಇವತ್ತೇನಾಯ್ತು ಹೇಳು ಕಂದಾ” ಎಂದು ಕೇಳುತ್ತಿದ್ದಳು, ಆದರೆ ಹುಡುಗಿ ಬಾಯಿ ತೆರೆಯುವಷ್ಟರಲ್ಲಿ ತಾನೇ ಹೇಳಲು ಶುರು ಮಾಡುತ್ತಿದ್ದಳು. ರೋಷೆಲ್ ಹೋಟೆಲಿನಲ್ಲಿ ಬೆಳಗಿನ ಪಾಳಿ ಕೇಳಿದಳು. ಗುಡ್ ಫ್ರೈಡೇ ರಜೆಯ ಹೊತ್ತು, ಪ್ರವಾಸಿಗರ ನೂಕುನುಗ್ಗಲು, ಈಗ ಆಗುವುದಿಲ್ಲ ಎಂದರು. ಇತ್ತ ಜಾಯೆಲ್ ಶಾಲೆಯಲ್ಲಿ ತಪ್ಪು ಮಾಡುತ್ತಲೇ ಇದ್ದಳು.

“ನಾನೇ ಹೋಗಿ ಆ ಟೀಚರ್ ಹತ್ರ ಮಾತಾಡ್ತೀನಿ,” ಎಂದಳು ವರ್ಲೀ. “ಜರ್ಲೀನ್, ಕಾರ್ ತೆಗಿ.”

ನಾನು ಇಲ್ಲ ಎನ್ನುತ್ತೇನೆಯೇ?

ಸೈಪ್ರಸ್ ಗೇಟಿನ ಒಳಗೆ ಆಸ್ಪತ್ರೆಯಷ್ಟೂ ಸದ್ದಿಲ್ಲ. ನೆಲದ ಮೇಲೆ ನೀಲಿ ಪಟ್ಟಿ, ಅದರ ಮೇಲೆ ಮಕ್ಕಳು ಬೆನ್ನ ಹಿಂದೆ ಕೈ ಕಟ್ಟಿ ನಡೆಯುತ್ತಿದ್ದರು. ವರ್ಲೀ ಒಂದು ಮಗುವಿಗೆ “ಗುಡ್ ಮಾರ್ನಿಂಗ್ ಬೇಬಿ” ಎಂದಳು, ಅದು ಹೆದರಿ ಟೀಚರ್ ಕಡೆ ನೋಡಿತು. ಕೆಸ್ಲರ್ ಎಂಬವಳ ಕೋಣೆ ಮೆಟ್ಟಿಲ ಕೆಳಗಿನ ಗೂಡು. ಎರಡು ಕುರ್ಚಿ, ಒಂದು ದೀಪ, ಅಷ್ಟೇ. ಅವಳೂ ಚಿಕ್ಕ ಹುಡುಗಿಯೇ, ಓಹಾಯೋ ಕಡೆಯವಳು, ಕಣ್ಣ ಕೆಳಗೆ ಕಪ್ಪು. ಬೈಯಲೆಂದೇ ಮನೆಯಿಂದ ಮಾತು ಜೋಡಿಸಿಕೊಂಡು ಬಂದಿದ್ದ ವರ್ಲೀ ಅವಳನ್ನು ನೋಡಿ, “ಊಟ ಮಾಡಿದ್ಯೇನಮ್ಮ?” ಎಂದಳು.

ವಿಷಯ ಹೇಳಿದ ಮೇಲೆ ಆ ಹುಡುಗಿ ತಲೆ ತಗ್ಗಿಸಿದಳು. “ನನಗೆ ಅನುಮಾನ ಬಂದಿತ್ತು ಮಿಸ್ ವರ್ಲೀ. ಹೋದ ತಿಂಗಳು ಒಂದು ಉತ್ತರಾನೂ ಸರಿ ಇರ್ಲಿಲ್ಲ. ಎಲ್ಲಾನೂ ತಪ್ಪಾಗಬೇಕಾದ್ರೆ ಸರಿ ಯಾವುದು ಅಂತ ಗೊತ್ತಿರ್ಬೇಕು.”

“ಮತ್ತೆ ಯಾರ್ಗೂ ಯಾಕ್ ಹೇಳ್ಲಿಲ್ಲ?”

“ಹೇಳಿದ್ರೆ ಅವಳನ್ನ ನನ್ನ ಹತ್ರ ಕಳಿಸೋದು ನಿಲ್ಲಿಸ್ತಾರೆ.” ಸ್ವಲ್ಪ ತಡೆದಳು. “ಇಡೀ ದಿನದಲ್ಲಿ ನನಗೂ ಅದೊಂದೇ ಒಳ್ಳೇ ಹೊತ್ತು. ತಪ್ಪು ನಂದೇ. ಪರೀಕ್ಷೆ ಮುಗೀಲಿ, ಎಲ್ಲಾ ಸರಿ ಹೋಗತ್ತೆ ಅಂದ್ಕೊಂಡಿದ್ದೆ. ಮುಂದಿನ ವರ್ಷ ನಾನು ಇಲ್ಲಿರಲ್ಲ. ಎರಡು ವರ್ಷಕ್ಕೆ ಅಂತ ಬಂದವಳು ನಾನು, ಮುಗೀತು. ಲಾ ಓದಕ್ಕೆ ವಾಪಸ್ ಹೋಗ್ತಿದೀನಿ.”

“ಮಗೂಗೆ ಗೊತ್ತಾ?”

“ಇಲ್ಲ.”

ಕಾರಿನಲ್ಲಿ ವರ್ಲೀ ದಾರಿಯುದ್ದಕ್ಕೂ ಕೈಚೀಲದ ಬಾಯಿ ತೆಗೆದಳು, ಮುಚ್ಚಿದಳು. “ಬೈಯಕ್ಕೂ ಆಗ್ಲಿಲ್ಲ ಕಣೇ ಜರ್ಲೀನ್. ಎಂಥಾ ಕರ್ಮ ನೋಡು. ಇರದೇ ಇರೋ ಟೀಚರ್‌ಗೋಸ್ಕರ ಇವಳು ಫೇಲಾಗ್ತಿದಾಳೆ.”

ಗುಡ್ ಫ್ರೈಡೇ ದಿನ ಅಂಗಳದ ಮೇಜಿಗೆ ಪೇಪರು ಹಾಸಿ, ಸೀಗಡಿಯ ಜಾತಿಯ ಕ್ರಾಫಿಷನ್ನು ಬೇಯಿಸಿ ರಾಶಿ ಸುರಿದಿದ್ದರು. ಜೋಳ, ಆಲೂಗಡ್ಡೆ, ಕಣ್ಣಲ್ಲಿ ನೀರು ಬರಿಸುವ ಖಾರ. ನನ್ನನ್ನೂ ಕರೆದಿದ್ದರು. ಪರೀಕ್ಷೆ ಮುಂದಿನ ವಾರ. ಜಾಯೆಲ್ ಕೈ ಒರೆಸುವ ಕರವಸ್ತ್ರ ತರಲು ಒಳಗೆ ಹೋದದ್ದೇ ತಡ, ಪಿಸುಮಾತಿನ ಜಗಳ ಶುರು.

“ಇವತ್ತೇ ಹೇಳ್ಬಿಡೋಣ,” ಎಂದಳು ರೋಷೆಲ್. “ಆ ಟೀಚರ್ ಇರಲ್ಲ ಅಂತ ಗೊತ್ತಾದ್ರೆ ಫೇಲಾಗಕ್ಕೆ ಕಾರಣಾನೇ ಇರಲ್ಲ.”

“ಪರೀಕ್ಷೆಗೆ ಮುಂಚೆ ಮಗೂ ಎದೆ ಒಡೆದು ಪಾಸ್ ಮಾಡಿಸ್ತೀಯಾ? ನಿಂದು ಕರುಳೋ ಕಲ್ಲೋ?”

“ಅವಳ ಗೆಳತೀರೆಲ್ಲ ನಾಲ್ಕಕ್ಕೆ ಹೋಗ್ತಾರೆ, ಇವಳು ಚಿಕ್ಕವರ ಜೊತೆ ಮತ್ತೆ ಅದೇ ಬೆಂಚಲ್ಲಿ ಕೂರ್ತಾಳೆ. ಅದು ಎದೆ ಒಡೆಯಲ್ವಾ?”

“ನೀನೇ ಪಕ್ಕದಲ್ಲಿ ಕೂತಿದ್ರೆ ಅವಳಿಗೆ ಆ ಟೀಚರ್ ಯಾಕ್ ಬೇಕಿತ್ತು?”

ರೋಷೆಲ್ ಕೈಯಲ್ಲಿದ್ದುದನ್ನು ಮೇಜಿಗೆ ಎಸೆದಳು. ಈಗ ಪಿಸುಮಾತೆಲ್ಲ ಮುಗಿದಿತ್ತು. “ನಾನ್ ಕೂತ್ಕೊಂಡ್ರೆ ಈ ಮನೆ ಯಾರಮ್ಮ ನಡೆಸ್ತಾರೆ? ಇವನ ಪೀಪಿನಾ? ನಂಗೆ ಆಸೆ ಇಲ್ವಾ? ಕೆಸ್ಲರ್ ಹೋಗ್ತಾಳೆ, ಹೋಗ್ಲಿ, ಹೋಗೋಕೆ ಅವಳಿಗೆ ಜಾಗ ಇದೆ! ನಾನೆಲ್ಲಿ ಹೋಗ್ಲಿ?”

“ಅಕ್ಕಾ,” ಎಂದ ಅಲ್ಫಾನ್ಸ್.

ಜಾಯೆಲ್ ಕರವಸ್ತ್ರ ಹಿಡಿದು ಬಾಗಿಲಲ್ಲಿ ನಿಂತಿದ್ದಳು.

ಅವಳು ಬಂದು ಎಲ್ಲರ ಮುಂದೆ ಒಂದೊಂದು ಕರವಸ್ತ್ರ ಇಟ್ಟಳು, ನನ್ನ ಮುಂದೆಯೂ. ತನ್ನ ಜಾಗದಲ್ಲಿ ಕೂತು ಒಂದು ಕ್ರಾಫಿಷಿನ ತಲೆ ತಿರುವಿ, ಸಿಪ್ಪೆ ಬಿಡಿಸಿ, ಅದನ್ನು ಅಜ್ಜಿಯ ಮುಂದಿಟ್ಟಳು.

“ಹಂಗಾದ್ರೆ ಪಾಸಾಗ್ತೀನಿ ಬಿಡಿ,” ಎಂದಳು.

ಅಷ್ಟೇ. ಅತ್ತಿದ್ದರೆ ಎತ್ತಿಕೊಂಡು ಸಮಾಧಾನ ಮಾಡಬಹುದಿತ್ತು. ಅವಳು ಅಳಲೂ ಇಲ್ಲ. ವರ್ಲೀ ಎಂಜಲು ಬೆರಳಲ್ಲೇ ಕಣ್ಣೊರೆಸಿಕೊಂಡು ಖಾರ ತಾಗಿ ಕೂಗಿಕೊಂಡಳು.

ಪರೀಕ್ಷೆ ಮುಗಿಯಿತು. ಆಮೇಲಿನ ವಾರಗಳಲ್ಲಿ ಗೋಡೆಯಾಚೆ ಎಲ್ಲಿಲ್ಲದ ಗಲಾಟೆ. ಫ್ಯಾನು ಕೆಟ್ಟದ್ದಕ್ಕೆ ಜಗಳ, ಅಲ್ಫಾನ್ಸನ ಬೂಟಿಗೆ ಜಗಳ, ಯಾವುದಕ್ಕೋ ಜಗಳ. ಜಾಯೆಲಳ ದನಿ ಒಂದು ಮಾತ್ರ ಇಲ್ಲ. ಸತ್ತವರ ಪುಟವನ್ನೂ ವರ್ಲೀ ಓದಿಸುವುದು ಬಿಟ್ಟಿದ್ದಳು. ನನ್ನ ಬಳಿ ತಂದಳು, ನನ್ನ ಕಣ್ಣೇನು ಭಾರಿ ಚೆನ್ನಾಗಿದೆ ಎಂಬಂತೆ.

ಮೇ ತಿಂಗಳು. ಶಾಲೆಗೆ ರಜಾ ಕೊಟ್ಟಾಗಿತ್ತು. ಮಧ್ಯಾಹ್ನ ರೋಷೆಲ್ ಕೆಲಸದ ಬಟ್ಟೆ ಹಾಕಿ ಮೆಟ್ಟಿಲಿಳಿಯುವಾಗ ಫೋನು ಬಂತು. ಶಾಲೆಯ ಆಫೀಸಿನವರು. ನಾನು ನನ್ನ ಕಡೆಯ ಮೆಟ್ಟಿಲಲ್ಲಿ ಬೀನ್ಸು ಆರಿಸುತ್ತಿದ್ದೆ. ಅವಳು ಸ್ಪೀಕರಿಗೆ ಹಾಕಿದಳು. ಒಳಗಿನಿಂದ ವರ್ಲೀ ಬಂದಳು, ಹಿಂದೆಯೇ ಜಾಯೆಲ್.

“ಶುಭ ಸುದ್ದಿ,” ಎಂದಿತು ಫೋನಿನ ಹೆಂಗಸಿನ ದನಿ. “ಜಾಯೆಲ್ ಓದಿನಲ್ಲಿ ತರಗತಿಗೇ ಮೊದಲು ಬಂದಿದಾಳೆ. ನಾಲ್ಕನೇ ತರಗತಿಗೆ ಹೋಗ್ತಾಳೆ. ಇನ್ಮುಂದೆ ಅವಳಿಗೆ ಪ್ರತ್ಯೇಕ ಗಮನ ಬೇಕಾಗಿಲ್ಲ.”

“ಅಯ್ಯೋ ದೇವ್ರೇ, ಥ್ಯಾಂಕ್ ಯೂ!” ರೋಷೆಲ್ ಕುಣಿದೇಬಿಟ್ಟಳು. ಮಗಳ ಎರಡೂ ಕೆನ್ನೆ ಹಿಡಿದು ಮುದ್ದಿಟ್ಟಳು. “ಕೇಳಿಸ್ತೇನೇ? ನಿಂಗಿನ್ನು ಯಾರೂ ಬೇಕಾಗಿಲ್ಲ!”

“ಹೂಂ,” ಎಂದಳು ಜಾಯೆಲ್. “ಹೋಗಮ್ಮ. ಬಸ್ ಬಂತು.”

ಬಸ್ಸು ನಿಜವಾಗಿಯೂ ತಿರುವಿನಲ್ಲಿ ಕಾಣುತ್ತಿತ್ತು. ರೋಷೆಲ್ ಚೀಲ ಹೆಗಲಿಗೇರಿಸಿ ನಾಲ್ಕು ಹೆಜ್ಜೆ ಓಡಿದಳು. ಆಮೇಲೆ ನಿಂತಳು. ಹಿಂದೆ ತಿರುಗಿ ನೋಡಿದಳು. ಅವಳ ಮುಖದ ನಗು ಇಳಿದುಹೋದದ್ದನ್ನು ನಾನೇ ಕಂಡೆ. ತಾನು ಆಡಿದ ಮಾತು ಅವಳಿಗೆ ಆಗ ಕೇಳಿಸಿರಬೇಕು. ವಾಪಸ್ ಬಂದು ಮೆಟ್ಟಿಲ ಮೇಲೆ, ಮಗಳ ಕಾಲ ಬಳಿ, ಕೂತೇಬಿಟ್ಟಳು.

“ಬೆಳಿಗ್ಗೆ ಏನ್ ತಿಂದೆ?” ಎಂದು ಕೇಳಿದಳು.

ಜಾಯೆಲ್ ಅಮ್ಮನ ಚೀಲ ನೋಡಿದಳು, ರಸ್ತೆ ನೋಡಿದಳು. ಬಸ್ಸು ಬಂದು ನಿಂತಿತು, ಬಾಗಿಲು ತೆರೆಯಿತು. ವರ್ಲೀ ಏನೋ ಹೇಳಲು ಬಾಯಿ ತೆರೆದಳು. ನಾನು ಅವಳ ತೋಳು ಚಿವುಟಿದೆ. ಡ್ರೈವರ್ ಒಂದು ಹಾರ್ನ್ ಹೊಡೆದ, ಇನ್ನೊಂದು ಹೊಡೆದ, ಆಮೇಲೆ ಹೊರಟುಹೋದ.

“ಲೇ ರೋಷೆಲ್, ಬಸ್ ಹೋಯ್ತಲ್ಲೇ!” ತಡೆಯಲಾರದೆ ಕೂಗಿದವಳು ನಾನೇ.

ಅವಳು ನನ್ನ ಕಡೆ ತಿರುಗಲಿಲ್ಲ. “ಶ್! ಸುಮ್ನಿರಿ ಮಿಸ್ ಜರ್ಲೀನ್. ನನ್ನ ಮಗಳು ಏನೋ ಹೇಳ್ತಿದಾಳೆ.”